ಎದೆಯ ಕಾವಲು ಎರೆಹೊಲದಲ್ಲೇ ಇದೆ

2025ರ ಜುಲೈ ಮೊದಲ ವಾರ. ಬೆಂಗಳೂರು ಮತ್ತು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಜನರ ಸಾಲು. ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು, ಅವರಲ್ಲಿ ಹರೆಯದವರೂ ಇದ್ದಾರೆ ಎಂಬ ಸುದ್ದಿ ರಾಜ್ಯವನ್ನೆಲ್ಲ ನಡುಗಿಸಿತ್ತು. ಎದೆಯಲ್ಲಿ ಚುಳ್ ಎಂದವರೂ ಬಂದರು, ಏನೂ ಆಗದವರೂ ಬಂದರು. ಎಲ್ಲರಿಗೂ ಒಂದು ಇಸಿಜಿ ಬೇಕಿತ್ತು. ಅದಕ್ಕೆ ಸುಮಾರು ನಾಲ್ಕು ವರ್ಷ ಮೊದಲೂ ಹೀಗೇ ಆಗಿತ್ತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಅಗಲಿದಾಗ ಇದೇ ಆಸ್ಪತ್ರೆಗಳ ಹೊರರೋಗಿ ವಿಭಾಗಗಳಲ್ಲಿ ಕಾಲಿಡಲು ಜಾಗವಿರಲಿಲ್ಲ.

ಹಾಸನದ ಸಾವುಗಳನ್ನು ಪರಿಶೀಲಿಸಲು ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ರಚಿಸಿತು. ಹಿಂದಿನ ತಿಂಗಳುಗಳಿಗೆ ಹೋಲಿಸಿದರೆ ಹೃದಯಾಘಾತ ದಿಢೀರನೆ ಏರಿದ್ದಕ್ಕೆ ಸಮಿತಿಗೆ ಪುರಾವೆ ಸಿಗಲಿಲ್ಲ. ಕೋವಿಡ್ ಲಸಿಕೆಯ ಮೇಲೆ ಹೊರಿಸಿದ್ದ ಆರೋಪಕ್ಕೂ ಆಧಾರ ಸಿಗಲಿಲ್ಲ. ತೀರಿಕೊಂಡವರಲ್ಲಿ ಹಲವರಿಗೆ ಇದ್ದದ್ದು ಹಳೆಯ, ಪರಿಚಿತ ಶತ್ರುಗಳೇ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟು, ಕುಡಿತ, ಬೊಜ್ಜು. ವರದಿ ಬಂತು, ಭಯ ಇಳಿಯಿತು, ಸಾಲು ಕರಗಿತು. ಸಾಲಿನಲ್ಲಿ ನಿಂತವರು ಊರಿಗೆ ಮರಳಿದರು. ಅವರ ಅಡುಗೆಮನೆ ಮಾತ್ರ ಮೊದಲಿನಂತೆಯೇ ಇತ್ತು.

ಆ ಆಸ್ಪತ್ರೆಗಳ ಬಾಗಿಲಿನಿಂದ ಸುಮಾರು ನಾನೂರು ಕಿಲೋಮೀಟರ್ ಆಚೆ, ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ಬೆಳವಣಕಿ ಇದೆ. ಸುತ್ತ ಕಪ್ಪು ಎರೆಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಯಾವ ಹಳ್ಳಿಗೆ ಹೋದರೂ ಬೆಳೆಯ ಚಿತ್ರ ಹೆಚ್ಚು ಕಡಿಮೆ ಇದೇ. ಹೃದಯದ ರಕ್ಷಣೆಗೆ ಜಗತ್ತಿನ ವೈದ್ಯವಿಜ್ಞಾನ ಇಂದು ಏನೇನು ತಿನ್ನಿ ಎನ್ನುತ್ತದೋ ಅದರಲ್ಲಿ ಬಹುಪಾಲು ಈ ಹೊಲಗಳಲ್ಲಿ ಬೆಳೆಯುತ್ತದೆ. ಬೆಳೆಯುವ ಜನರ ತಟ್ಟೆಯಿಂದ ಮಾತ್ರ ಅದು ಮೆಲ್ಲಗೆ ಜಾರುತ್ತಿದೆ. ಈ ಸೀಮೆಯ ಎದೆಯ ಆರೋಗ್ಯದ ಪ್ರಶ್ನೆ ಇರುವುದು ಇಲ್ಲಿ.

ಹೊಲಕ್ಕೆ ಹೋಗುತ್ತಿದ್ದ ಬುತ್ತಿಯನ್ನು ಒಮ್ಮೆ ಬಿಚ್ಚಿ ನೋಡಬೇಕು. ಎರಡು ಮೂರು ಜೋಳದ ರೊಟ್ಟಿ, ಹೆಸರುಕಾಳಿನ ಇಲ್ಲವೇ ಮಡಿಕೆಕಾಳಿನ ಪಲ್ಯ, ಒಂದು ಮೂಲೆಯಲ್ಲಿ ಅಗಸಿ ಹಿಂಡಿ ಅಥವಾ ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಗುದ್ದಿ ಒಡೆದ ಉಳ್ಳಾಗಡ್ಡಿ, ಹಸಿ ಮೆಂತ್ಯದ ಎಸಳು, ಎಳೆ ಸೌತೆಕಾಯಿ. ಹಿಂಗಾರಿನಲ್ಲಿ ಜೋಳದ ಸಾಲುಗಳ ನಡುವೆ ತಾನಾಗಿ ಏಳುವ ಹತ್ತರಕಿ ಸೊಪ್ಪನ್ನು ಅಲ್ಲೇ ಕಿತ್ತು ಒರೆಸಿ ರೊಟ್ಟಿಯ ಜೊತೆ ಕಡಿಯುತ್ತಿದ್ದರು. ಮನೆಯಲ್ಲಾದರೆ ಪುಂಡಿಪಲ್ಯ, ರಾಜಗಿರಿ, ಎಳೆ ಕುಸುಬೆ ಸೊಪ್ಪು. ಒಗ್ಗರಣೆಗೆ ಗಾಣದ ಕುಸುಬೆ ಎಣ್ಣೆ.

ಈ ಬುತ್ತಿಯನ್ನು ಯಾರೂ ಹೃದಯದ ಪಥ್ಯವೆಂದು ಕಟ್ಟಿದ್ದಲ್ಲ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕ ತೆರೆದರೆ ಲೆಕ್ಕ ಸಿಗುತ್ತದೆ. ನೂರು ಗ್ರಾಂ ಜೋಳದಲ್ಲಿ ನಾರಿನಂಶ ಸುಮಾರು 10 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಇಡೀ ಹೆಸರುಕಾಳಿನಲ್ಲಿ ಸುಮಾರು 17 ಗ್ರಾಂ. ಕೊಬ್ಬನ್ನು ಅರಗಿಸಲು ಪಿತ್ತಕೋಶ ಸುರಿಸುವ ಪಿತ್ತರಸವನ್ನು ಕರಗುವ ನಾರು ಕರುಳಿನಲ್ಲಿ ಹಿಡಿದುಕೊಂಡು ಹೊರಗೆ ಸಾಗಿಸುತ್ತದೆ. ಹೋದ ಪಿತ್ತರಸವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದಲ್ಲಿನ ಕೊಲೆಸ್ಟರಾಲನ್ನೇ ಎಳೆದುಕೊಳ್ಳುತ್ತದೆ. ಹೀಗೆ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ. ಪಟಂಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ 19 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಿರಿಧಾನ್ಯ ಉಂಡವರ ಒಟ್ಟು ಕೊಲೆಸ್ಟರಾಲ್ ಸರಾಸರಿ ಶೇ 8ರಷ್ಟು ಇಳಿದದ್ದು ಕಂಡಿತು.

ಅಗಸಿಯ ಕಥೆ ಇನ್ನೂ ಸೊಗಸಾದುದು. ಮೀನು ತಿನ್ನದವರಿಗೆ ಒಮೆಗಾ-3 ಕೊಬ್ಬು ಸಿಗುವ ಅತ್ಯಂತ ಸುಲಭದ ಮೂಲ ಅದು. ಕಾಲಿನ ರಕ್ತನಾಳ ಕಟ್ಟಿಕೊಂಡಿದ್ದ 110 ರೋಗಿಗಳ ಮೇಲೆ ಕೆನಡಾದಲ್ಲಿ ಒಂದು ಪ್ರಯೋಗ ನಡೆಯಿತು, ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ದಿನಕ್ಕೆ 30 ಗ್ರಾಂ ಅಗಸಿ ಪುಡಿ, ಇನ್ನೊಂದು ಗುಂಪಿಗೆ ಅಗಸಿಯಿಲ್ಲದ ತಿಂಡಿ. ಆರು ತಿಂಗಳ ನಂತರ ನೋಡಿದರೆ ಅಗಸಿ ತಿಂದವರ ಮೇಲಿನ ರಕ್ತದೊತ್ತಡ ಇನ್ನೊಂದು ಗುಂಪಿನವರಿಗಿಂತ ಸುಮಾರು 10 ಅಂಕ ಕಡಿಮೆಯಿತ್ತು. ಕೆನಡಾದ ವೈದ್ಯರು ಬನ್ನು, ಬಿಸ್ಕತ್ತಿನಲ್ಲಿ ಬೆರೆಸಿ ಕೊಟ್ಟದ್ದನ್ನು ರೋಣದ ಮನೆಗಳು ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುಟ್ಟಿ ಡಬ್ಬಿಯಲ್ಲಿ ತುಂಬಿಡುತ್ತ ಬಂದಿವೆ.

ಬುತ್ತಿಯ ಜೊತೆ ನಡಿಗೆಯೂ ಇತ್ತು. ಊರಿಂದ ಹೊಲಕ್ಕೆ ಕಾಲುದಾರಿ, ಹೊಲದಲ್ಲಿ ಕುಂಟೆ ಹೊಡೆಯುವುದು, ಎಡೆ ಹೊಡೆಯುವುದು, ಕಳೆ ಕೀಳುವುದು, ಸುಗ್ಗಿಯಲ್ಲಿ ರಾಶಿ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಕಾಲದ ರೈತ ಅದನ್ನು ಒಂದೇ ದಿನದಲ್ಲಿ ಮುಗಿಸುತ್ತಿದ್ದ.

ಈಗ ಅದೇ ಊರಿನ ಒಂದು ಸಾಮಾನ್ಯ ದಿನವನ್ನು ನೋಡಿ. ಬೆಳಿಗ್ಗೆ ಸಕ್ಕರೆ ಸುರಿದ ಚಹಾ, ಜೊತೆಗೆ ಬಿಸ್ಕತ್ತು ಇಲ್ಲವೇ ಖಾರಿ. ಮಧ್ಯಾಹ್ನ ಕುಕ್ಕರಿನ ಅನ್ನ, ತೆಳ್ಳನೆ ಸಾರು. ಸಂಜೆ ಬಸ್ ನಿಲ್ದಾಣದ ಬಂಡಿಯಲ್ಲಿ ಮಿರ್ಚಿ ಭಜಿ, ಗಿರ್ಮಿಟ್. ಮಕ್ಕಳ ಕೈಯಲ್ಲಿ ಐದು ರೂಪಾಯಿಯ ಕುರುಕಲು ಪೊಟ್ಟಣ. ರಾತ್ರಿ ಮತ್ತೆ ಅನ್ನ. ಹೊಲಕ್ಕೆ ಹೋಗುವುದು ಬೈಕಿನಲ್ಲಿ, ಹರಗುವುದು ಟ್ರ್ಯಾಕ್ಟರಿನಲ್ಲಿ, ಕಳೆಗೆ ಔಷಧಿ ಸಿಂಪಡಣೆ. ಮೈಯ ದುಡಿಮೆ ಇಳಿದಷ್ಟೂ ತಟ್ಟೆಯ ಪಿಷ್ಟ, ಎಣ್ಣೆ, ಸಕ್ಕರೆ ಏರಿವೆ. ಗಾಣದ ಕುಸುಬೆ ಎಣ್ಣೆಯ ಜಾಗಕ್ಕೆ ಪ್ಯಾಕೆಟ್ಟಿನ ತಾಳೆ ಎಣ್ಣೆ ಬಂದಿದೆ. ಕುಸುಬೆ ಎಣ್ಣೆಯಲ್ಲಿ ಬಹುಪಾಲು ಇರುವುದು ಹೃದಯಕ್ಕೆ ಹಿತವಾದ ಅಪರ್ಯಾಪ್ತ ಕೊಬ್ಬು. ತಾಳೆ ಎಣ್ಣೆಯಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಇರುವುದು ರಕ್ತದ ಕೊಲೆಸ್ಟರಾಲ್ ಏರಿಸುವ ಪರ್ಯಾಪ್ತ ಕೊಬ್ಬು. ಭಜಿ ಕರಿಯುವವರು ಅದೇ ಎಣ್ಣೆಯನ್ನು ದಿನಗಟ್ಟಲೆ ಕಾಯಿಸಿದರೆ ಅಪಾಯ ಇಮ್ಮಡಿ. ಕರಿದ ಎಣ್ಣೆ ಎಷ್ಟು ಕೆಟ್ಟ ಮೇಲೆ ಚೆಲ್ಲಬೇಕೆಂಬುದಕ್ಕೆ 2018ರಿಂದ ದೇಶದಲ್ಲಿ ನಿಯಮವಿದೆ. ಹಳ್ಳಿಯ ಬಂಡಿಯ ಬಾಣಲೆಗೆ ಅದು ತಲುಪಿಲ್ಲ.

ಪರಿಣಾಮ ದೇಶದ ಅಂಕಿಗಳಲ್ಲಿ ಕಾಣುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ, ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ವಯಸ್ಕರಲ್ಲಿ ಶೇ 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡ ಎಂದು ಗೊತ್ತಾಯಿತು. ಮೂರು ಜನ ಕಟ್ಟೆಯ ಮೇಲೆ ಕುಳಿತರೆ ಒಬ್ಬರಿಗೆ ಬಿಪಿ ಇದೆ ಎಂದು ಅರ್ಥ. ಅವರಲ್ಲಿ ಎಷ್ಟೋ ಜನರಿಗೆ ಅದು ಗೊತ್ತೇ ಇರುವುದಿಲ್ಲ, ಏಕೆಂದರೆ ಬಿಪಿ ನೋಯುವುದಿಲ್ಲ.

ಹೃದಯಾಘಾತ ಆಕಾಶದಿಂದ ಬಂದೆರಗುವ ಸಿಡಿಲಲ್ಲ ಎಂಬುದನ್ನು 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲೇ ತೋರಿಸಿಕೊಟ್ಟಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರೂ ಅದರಲ್ಲಿ ಪಾಲ್ಗೊಂಡಿದ್ದರು. ತಂಬಾಕು, ಕೊಲೆಸ್ಟರಾಲ್, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿಯ ಕೊರತೆ, ಮೈಯಾಡಿಸದಿರುವುದು, ಮದ್ಯಕ್ಕೆ ಸಂಬಂಧಿಸಿದ ಅಭ್ಯಾಸ: ಈ ಒಂಬತ್ತೇ ಕಾರಣಗಳು ಗಂಡಸರಲ್ಲಿ ಮೊದಲ ಹೃದಯಾಘಾತದ ಅಪಾಯದ ಶೇ 90ರಷ್ಟನ್ನು, ಹೆಂಗಸರಲ್ಲಿ ಶೇ 94ರಷ್ಟನ್ನು ವಿವರಿಸುತ್ತವೆ. ಅದೇ ಅಧ್ಯಯನದ ಇನ್ನೊಂದು ಅಂಕಿ ನಮ್ಮನ್ನು ಹೆಚ್ಚು ಕಾಡಬೇಕು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ಮಧ್ಯಮ ವಯಸ್ಸು 53. ಉಳಿದ ದೇಶದವರಿಗೆ ಸುಮಾರು 59. ಅವರಿಗಿಂತ ಆರು ವರ್ಷ ಮೊದಲೇ ನಮ್ಮ ಎದೆ ಸೋಲುತ್ತಿದೆ. ಮಗಳ ಮದುವೆ, ಮಗನ ಓದು, ಬ್ಯಾಂಕಿನ ಸಾಲ ಎಲ್ಲವೂ ಹೆಗಲ ಮೇಲಿರುವ ವಯಸ್ಸು ಅದು.

ಹಾಗೆಂದು ಹಳೆಯದೆಲ್ಲ ಹೊನ್ನು ಎನ್ನುವಂತಿಲ್ಲ. ಅಜ್ಜ ತುಪ್ಪ ಸುರಿದುಕೊಂಡು ಉಂಡೂ ತೊಂಬತ್ತು ವರ್ಷ ಬದುಕಿದ ಎಂಬ ಮಾತು ಪ್ರತಿ ಊರಿನಲ್ಲೂ ಕೇಳುತ್ತದೆ. ಆ ಅಜ್ಜ ಎತ್ತಿನ ಹಿಂದೆ ದಿನಕ್ಕೆ ಎಷ್ಟು ಹರದಾರಿ ನಡೆಯುತ್ತಿದ್ದ ಎಂಬುದನ್ನೂ, ಅವನ ಓರಗೆಯವರಲ್ಲಿ ಎಷ್ಟು ಮಂದಿ ಐವತ್ತರೊಳಗೇ ಮಣ್ಣಾದರು ಎಂಬುದನ್ನೂ ಸೇರಿಸಿ ಹೇಳಬೇಕು. ಹಳೆಯ ಊಟದಲ್ಲಿ ಉಪ್ಪು ವಿಪರೀತವಿತ್ತು, ಈಗಲೂ ಇದೆ. ರಂಜಕ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಹಿಂಡಿ ಎಲ್ಲವೂ ಉಪ್ಪಿನಲ್ಲೇ ಬಾಳುವ ಪದಾರ್ಥಗಳು. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚೆಯಷ್ಟು ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಪ್ರಕಾರ ಭಾರತೀಯರು ತಿನ್ನುವುದು ಸರಾಸರಿ 8 ಗ್ರಾಂ. ಮೈಬೆವರು ಸುರಿಸಿ ದುಡಿದವನ ಉಪ್ಪನ್ನು ಬೈಕಿನಲ್ಲಿ ಓಡಾಡುವ ಮಗನೂ ತಿನ್ನುತ್ತಿದ್ದಾನೆ.

ತಂಬಾಕಿನದು ಇನ್ನೂ ದೊಡ್ಡ ಪಾಪ. ಎಲೆ ಅಡಿಕೆ ಚೀಲದ ತಂಬಾಕು ಒಂದು ಕಾಲದಲ್ಲಿ ಊಟದ ನಂತರದ ಉಪಚಾರವಾಗಿತ್ತು. ಈಗ ಅದು ಹರೆಯದವರ ಜೇಬಿನ ಪೊಟ್ಟಣವಾಗಿದೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರ ಮೇ ತಿಂಗಳಲ್ಲಿ. ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಬಂದು ಅಂಗೈಯಲ್ಲಿ ಮತ್ತೆ ಒಂದಾಗುತ್ತವೆ. ಸಿಗರೇಟು ಬೀಡಿ ಬಿಟ್ಟ ಒಂದು ವರ್ಷದೊಳಗೆ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕಿಳಿಯುತ್ತದೆ. ಇಷ್ಟು ಬೇಗ ಫಲ ಕೊಡುವ ಔಷಧಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ರೊಟ್ಟಿಯ ಬಗ್ಗೆ ಹಾಡಿ ಹೊಗಳುವವರು ರೊಟ್ಟಿ ಬಡಿಯುವ ಕೈಗಳನ್ನು ಮರೆಯುತ್ತಾರೆ. ಕೂಡುಕುಟುಂಬಕ್ಕೆ ಮೂವತ್ತು ನಲವತ್ತು ರೊಟ್ಟಿ ಬಡಿಯಬೇಕಾದರೆ ಬೆಳಗಿನ ಎರಡು ತಾಸು ಒಲೆಯ ಮುಂದೆ. ಸೌದೆ, ಕುಳ್ಳಿನ ಹೊಗೆ ಕಣ್ಣಿಗೆ, ಶ್ವಾಸಕೋಶಕ್ಕೆ ಮಾತ್ರವಲ್ಲ, ಹೃದಯಕ್ಕೂ ಕೆಟ್ಟದ್ದು. ಹೊಲದಲ್ಲಿ ಗಂಡಸಿನಷ್ಟೇ ದುಡಿದು ಬಂದ ಹೆಣ್ಣುಮಗಳಿಗೆ ಕುಕ್ಕರಿನ ಮೂರು ಸೀಟಿ ದೇವರು ಕೊಟ್ಟ ವರದಂತೆ ಕಂಡರೆ ಅದರಲ್ಲಿ ತಪ್ಪೇನಿಲ್ಲ. ಅನ್ನ ಗೆದ್ದದ್ದಕ್ಕೆ ಅದರ ರುಚಿಗಿಂತ ದೊಡ್ಡ ಕಾರಣ ಈ ದಣಿವು. ಆದ್ದರಿಂದ ಜೋಳ ತಟ್ಟೆಗೆ ಮರಳಬೇಕು ಎನ್ನುವವರು ಆ ಭಾರವನ್ನು ಮತ್ತೆ ಅವಳ ಹೆಗಲಿಗೇ ಹೊರಿಸಬಾರದು. ಉತ್ತರ ಕರ್ನಾಟಕದ ಊರೂರುಗಳಲ್ಲಿ ಮಹಿಳೆಯರು ಖಡಕ್ ರೊಟ್ಟಿ ಮಾಡಿ ಮಾರುವ ಕಸುಬು ಬೆಳೆದಿದೆ. ರೊಟ್ಟಿ ತಟ್ಟುವ ಯಂತ್ರಗಳೂ ಬಂದಿವೆ. ಜೋಳದ ನುಚ್ಚು, ಸಂಗಟಿಗೆ ಬಡಿಯುವ ಶ್ರಮವೇ ಬೇಡ. ರೊಟ್ಟಿಗೆ ಹಿಟ್ಟು ನಾದುವುದನ್ನು ಮನೆಯ ಗಂಡಸರೂ ಕಲಿಯಬಹುದು.

ಒಂದು ಇಡೀ ಸೀಮೆ ತನ್ನ ತಟ್ಟೆಯನ್ನು ಬದಲಿಸಿಕೊಂಡು ಬದುಕುಳಿದ ಉದಾಹರಣೆ ಇದೆಯೇ? ಇದೆ. ಫಿನ್ಲೆಂಡ್ ದೇಶದ ಪೂರ್ವ ಗಡಿಯ ನಾರ್ತ್ ಕರೇಲಿಯಾ ಕಾಡು, ಹೊಲ, ಹೈನುಗಾರಿಕೆಯ ಬಡ ಪ್ರಾಂತ್ಯ. 1970ರ ಸುಮಾರಿಗೆ ಅಲ್ಲಿನ ದುಡಿಯುವ ವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುತ್ತಿದ್ದ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನದಾಗಿತ್ತು. ಬ್ರೆಡ್ಡಿನ ಮೇಲೆ ದಪ್ಪನೆ ಬೆಣ್ಣೆ, ಕೊಬ್ಬಿನ ಹಾಲು, ಉಪ್ಪು ಹಾಕಿದ ಹಂದಿಮಾಂಸ, ಎಲ್ಲರ ಬಾಯಲ್ಲೂ ಸಿಗರೇಟು. 1971ರಲ್ಲಿ ಆ ಪ್ರಾಂತ್ಯದ ಪ್ರತಿನಿಧಿಗಳೇ ಒಟ್ಟಾಗಿ ಏನಾದರೂ ಮಾಡಿ ಎಂದು ಸರ್ಕಾರಕ್ಕೆ ಮನವಿ ಕೊಟ್ಟರು. ಮರುವರ್ಷ ಯೋಜನೆ ಶುರುವಾಯಿತು. ಅದರ ಹೊಣೆ ಹೊತ್ತ ವೈದ್ಯ ಪೆಕ್ಕಾ ಪುಸ್ಕಾಗೆ ಆಗ ಇಪ್ಪತ್ತೇಳರ ಆಸುಪಾಸು.

ಪುಸ್ಕಾ ದೊಡ್ಡ ಆಸ್ಪತ್ರೆ ಕಟ್ಟಲಿಲ್ಲ. ಮಾರ್ಥಾ ಎಂಬ ಗೃಹಿಣಿಯರ ಸಂಘದ ಬಳಿಗೆ ಹೋದರು. ಆ ಹೆಂಗಸರು ಊರೂರಿನಲ್ಲಿ ಸಂಜೆಯ ಊಟ ಏರ್ಪಡಿಸಿ, ಹಳೆಯ ಅಡುಗೆಯನ್ನೇ ಬೆಣ್ಣೆ, ಉಪ್ಪು ತಗ್ಗಿಸಿ, ತರಕಾರಿ ಹೆಚ್ಚಿಸಿ ಮಾಡಿ ಬಡಿಸಿದರು. ಯಾವ ಊರಿನ ಕೊಲೆಸ್ಟರಾಲ್ ಹೆಚ್ಚು ಇಳಿಯುತ್ತದೆ ಎಂದು ಊರುಗಳ ನಡುವೆ ಸ್ಪರ್ಧೆ ಇಟ್ಟರು. ಬೆಣ್ಣೆ ಕಡಿಮೆಯಾದರೆ ಹೈನುಗಾರರು ಬದುಕುವುದು ಹೇಗೆಂಬ ಪ್ರಶ್ನೆ ಎದ್ದಾಗ, ಅಲ್ಲಿನ ಹವೆಗೆ ಒಗ್ಗುವ ಬೆರ್ರಿ ಹಣ್ಣು ಬೆಳೆಯಲು ಸರ್ಕಾರ ನೆರವು ಕೊಟ್ಟಿತು. ನಲವತ್ತು ವರ್ಷಗಳಲ್ಲಿ ದುಡಿಯುವ ವಯಸ್ಸಿನವರ ಹೃದ್ರೋಗದ ಸಾವು ಶೇ 80ಕ್ಕೂ ಹೆಚ್ಚು ಇಳಿಯಿತು. ಈ ಇಳಿಕೆಯಲ್ಲಿ ದೊಡ್ಡ ಪಾಲು ಕೊಲೆಸ್ಟರಾಲ್, ಬಿಪಿ, ಧೂಮಪಾನ ತಗ್ಗಿದ್ದರಿಂದ ಬಂತು; ಹೊಸ ಚಿಕಿತ್ಸೆಗಳ ಪಾಲು ಅದರ ನಂತರದ್ದು.

ಇನ್ನೊಂದು ಉದಾಹರಣೆ ಚೀನಾದ್ದು. ಅಲ್ಲಿನ 600 ಹಳ್ಳಿಗಳ ಸುಮಾರು 21 ಸಾವಿರ ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಅರ್ಧ ಹಳ್ಳಿಗಳಿಗೆ ನಾಲ್ಕನೇ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಕೊಟ್ಟರು, ಬೇರೆ ಏನನ್ನೂ ಬದಲಿಸಲಿಲ್ಲ. ಐದು ವರ್ಷದ ಆಸುಪಾಸಿನಲ್ಲಿ ಆ ಉಪ್ಪು ಪಡೆದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು, ಒಟ್ಟು ಸಾವು ಶೇ 12ರಷ್ಟು ಕಡಿಮೆಯಾದವು. ಮೂತ್ರಪಿಂಡದ ತೊಂದರೆ ಇರುವವರು, ಕೆಲವು ಬಗೆಯ ಬಿಪಿ ಮಾತ್ರೆ ನುಂಗುವವರು ಇಂಥ ಉಪ್ಪನ್ನು ವೈದ್ಯರನ್ನು ಕೇಳದೆ ಬಳಸಬಾರದು. ಉಳಿದವರಿಗೆ ಇದು ಹೇಳುವುದಿಷ್ಟು: ಉಪ್ಪಿನ ಡಬ್ಬಿಯಲ್ಲಿ ಆಗುವ ಸಣ್ಣ ಬದಲಾವಣೆಯೂ ಊರಿನ ಸಾವಿನ ಲೆಕ್ಕವನ್ನು ಬದಲಿಸುತ್ತದೆ.

ಕರೇಲಿಯಾದ ಜನ ತಮ್ಮ ನಾಲಿಗೆಯ ರೂಢಿಯನ್ನೇ ಬದಲಿಸಿಕೊಳ್ಳಬೇಕಾಯಿತು. ಬೆಳವಣಕಿಯವರಿಗೆ ಆ ಕಷ್ಟವಿಲ್ಲ. ರೊಟ್ಟಿ, ಕಾಳು, ಸೊಪ್ಪು, ಅಗಸಿ, ಮಜ್ಜಿಗೆ ಎಲ್ಲವೂ ನಾಲಿಗೆಗೆ ಗೊತ್ತು. ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಸಜ್ಜೆ ರೊಟ್ಟಿ, ಭರ್ತ, ಪುಂಡಿಪಲ್ಯ, ಕಾಳುಪಲ್ಯ, ಹಿಂಡಿ ಎಲ್ಲವೂ ಗಂಟಿನಲ್ಲಿ ಇರುತ್ತವೆ. ವರ್ಷಕ್ಕೊಮ್ಮೆ ಭೂಮಿತಾಯಿಗೆ ಎಡೆ ಹಿಡಿಯುವ ಆ ಊಟದಲ್ಲಿ ಹೋಳಿಗೆ, ಕಡುಬು ಬಿಟ್ಟು ಉಳಿದದ್ದು ವಾರದ ಆರು ದಿನ ಮನೆಯ ಊಟವಾದರೆ ಸಾಕು. ಸಕ್ಕರೆ ಕಾಯಿಲೆ ಇರುವವರು ಜೋಳವನ್ನೂ ಅಳತೆಯಲ್ಲೇ ಉಣ್ಣಬೇಕು. ತಟ್ಟೆಯ ಅರ್ಧ ಪಲ್ಯ, ಪಚಡಿ; ಕಾಲು ಭಾಗ ಕಾಳು, ಬೇಳೆ; ಕಾಲು ಭಾಗ ರೊಟ್ಟಿ ಎಂಬ ಲೆಕ್ಕ ಎಲ್ಲರಿಗೂ ಹೊಂದುತ್ತದೆ. ಮಾಂಸ ತಿನ್ನುವವರು ಕರಿದದ್ದನ್ನು ಬಿಟ್ಟು ಬೇಯಿಸಿದ್ದನ್ನು, ಅದರಲ್ಲೂ ಮೀನನ್ನು ಆರಿಸಿಕೊಳ್ಳಬಹುದು.

ಊಟವೊಂದರಿಂದಲೇ ಎಲ್ಲವೂ ಸರಿಹೋಗದು. ಅಮೆರಿಕದ ವೈದ್ಯ ಡೀನ್ ಆರ್ನಿಶ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೃದ್ರೋಗಿಗಳಿಗೆ ಕೊಬ್ಬು ಅತಿ ಕಡಿಮೆಯಿರುವ ಸಸ್ಯಾಹಾರದ ಜೊತೆ ನಡಿಗೆ, ಧ್ಯಾನ, ಧೂಮಪಾನ ತ್ಯಾಗ, ಕೂಡಿ ಕುಳಿತು ಮಾತನಾಡುವುದು ಎಲ್ಲವನ್ನೂ ಸೇರಿಸಿದ್ದರು. ಒಂದು ವರ್ಷದಲ್ಲಿ ರಕ್ತನಾಳದ ಅಡಚಣೆ ಸ್ವಲ್ಪ ಹಿಂದೆ ಸರಿದದ್ದು ಕಂಡಿತು. ಸಣ್ಣ ಗುಂಪಿನ ಅಧ್ಯಯನವಾದರೂ ಅದು ಕಲಿಸಿದ ಪಾಠ ಉಳಿದಿದೆ: ಊಟ, ದುಡಿಮೆ, ನಿದ್ದೆ, ನೆಮ್ಮದಿ ಒಂದಕ್ಕೊಂದು ಹೆಗಲು ಕೊಡುತ್ತವೆ. ಅಮೆರಿಕದ ಹೃದಯ ಸಂಘ 2022ರಲ್ಲಿ ಹೃದಯಾರೋಗ್ಯದ ಅಂಶಗಳ ಪಟ್ಟಿಗೆ ನಿದ್ದೆಯನ್ನೂ ಸೇರಿಸಿತು. ರಾತ್ರಿ ಹನ್ನೊಂದು, ಹನ್ನೆರಡರವರೆಗೆ ಮೊಬೈಲಿನ ಬೆಳಕಿನಲ್ಲಿ ಕಣ್ಣು ಕೀಲಿಸುವ ಹಳ್ಳಿಯ ಹುಡುಗರಿಗೂ ಇದು ಅನ್ವಯಿಸುತ್ತದೆ.

ಯೋಗದ ಬಗ್ಗೆಯೂ ನೇರವಾಗಿ ಹೇಳಬೇಕು. ಹೃದಯಾಘಾತದಿಂದ ಚೇತರಿಸಿಕೊಂಡ ಸುಮಾರು 4 ಸಾವಿರ ಭಾರತೀಯರ ಮೇಲೆ ನಡೆದ ಯೋಗ-ಕೇರ್ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಯೋಗ ಮಾಡಿದವರು ತಮ್ಮ ಆರೋಗ್ಯ ಸುಧಾರಿಸಿದೆ ಎಂದರು, ಹಿಂದಿನ ಕೆಲಸಗಳಿಗೆ ಚೆನ್ನಾಗಿ ಮರಳಿದರು. ಮತ್ತೆ ಹೃದಯಾಘಾತ, ಸಾವು ಕಡಿಮೆಯಾದವು ಎಂದು ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಯೋಗ ಒಳ್ಳೆಯದು, ಮಾಡಬೇಕು. ಅದನ್ನು ನಂಬಿ ಮಾತ್ರೆ ಬಿಡಬಾರದು.

ಮಾತ್ರೆ ಬಿಡಿಸುವ ಮಾತುಗಳೇ ಈಗ ಮೊಬೈಲಿನಲ್ಲಿ ಹೆಚ್ಚು ಓಡಾಡುತ್ತಿವೆ. ಬೆಳ್ಳುಳ್ಳಿ, ಶುಂಠಿ, ನಿಂಬೆ ರಸ ಕುದಿಸಿ ಕುಡಿದರೆ ರಕ್ತನಾಳದ ಬ್ಲಾಕ್ ಕರಗುತ್ತದೆ, ಸ್ಟೆಂಟ್ ಬೇಡ, ಬಿಪಿ ಮಾತ್ರೆ ಬೇಡ ಎಂಬ ಸಂದೇಶಗಳು ಹಳ್ಳಿಯ ಪ್ರತಿ ಗುಂಪಿಗೂ ತಲುಪುತ್ತವೆ. ಬೆಳ್ಳುಳ್ಳಿ ಅಡುಗೆಗೆ ಒಳ್ಳೆಯದು. ಗಟ್ಟಿಯಾಗಿ ಕುಳಿತ ಅಡಚಣೆಯನ್ನು ಅದು ಕರಗಿಸುವುದಿಲ್ಲ. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಮಾತ್ರೆಗಳನ್ನು ದಿಢೀರನೆ ನಿಲ್ಲಿಸಿದವರು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರುತ್ತಾರೆ. ಊಟ ಸುಧಾರಿಸಿ, ತೂಕ ಇಳಿದ ಮೇಲೆ ಮಾತ್ರೆ ಕಡಿಮೆ ಮಾಡಬಹುದೇ ಎಂಬುದನ್ನು ವೈದ್ಯರೇ ಅಳೆದು ಹೇಳಬೇಕು. ಕಟ್ಟುಮಸ್ತಾದ ಮೈ, ನಿತ್ಯ ವ್ಯಾಯಾಮ ಇದ್ದರೂ ಅಪಾಯ ಪೂರ್ತಿ ಅಳಿಯುವುದಿಲ್ಲ ಎಂಬುದನ್ನು ಪುನೀತ್ ಸಾವು ನಾಡಿಗೆಲ್ಲ ತಿಳಿಸಿತು. ಮನೆಯಲ್ಲಿ ತಂದೆಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲಿ ಹೃದ್ರೋಗ ಬಂದಿದ್ದರೆ ಉಳಿದವರು ಮೊದಲೇ ತಪಾಸಣೆ ಮಾಡಿಸಿಕೊಳ್ಳಬೇಕು.

ಎದೆನೋವು ಬಂದೇಬಿಟ್ಟರೆ ಗ್ಯಾಸ್ ಎಂದುಕೊಂಡು ಸೋಡಾ ಕುಡಿಯುತ್ತ ಕಳೆಯುವ ಹೊತ್ತೇ ಪ್ರಾಣ ತೆಗೆಯುತ್ತದೆ. ಪುನೀತ್ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದಿರುವ ಹೃದಯ ಜ್ಯೋತಿ ಯೋಜನೆಯಲ್ಲಿ ಆಯ್ದ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೂರದ ತಜ್ಞರ ಸಲಹೆ ಪಡೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹೊರಗೆ ಅದರ ಬೆಲೆ ಸುಮಾರು 30 ಸಾವಿರ ರೂಪಾಯಿ. ತಮ್ಮ ಊರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಚುಚ್ಚುಮದ್ದು ಇದೆ ಎಂಬುದು ಆಶಾ ಕಾರ್ಯಕರ್ತೆಗೂ, ಗ್ರಾಮ ಪಂಚಾಯಿತಿ ಸದಸ್ಯರಿಗೂ ಬಾಯಿಪಾಠವಾಗಿರಬೇಕು. ಪಂಚಾಯಿತಿಯ ಗೋಡೆಯ ಮೇಲೆ ಆ ಆಸ್ಪತ್ರೆಯ ಹೆಸರು ಮತ್ತು 108 ಎಂಬ ಆಂಬುಲೆನ್ಸ್ ಸಂಖ್ಯೆ ದಪ್ಪಕ್ಷರದಲ್ಲಿ ಬರೆದಿರಬೇಕು.

ಸರ್ಕಾರ ಮಾಡಬೇಕಾದ ದೊಡ್ಡ ಕೆಲಸ ಪಡಿತರ ಅಂಗಡಿಯಲ್ಲಿದೆ. 2013ರ ಜುಲೈನಲ್ಲಿ ಆರಂಭವಾದ ಅನ್ನಭಾಗ್ಯ ಪಡಿತರ ಯೋಜನೆ ಬಡವರ ಮನೆಯ ಹಸಿವನ್ನು ನೀಗಿಸಿತು. ಆ ಉಪಕಾರವನ್ನು ಸಣ್ಣದು ಮಾಡುವಂತಿಲ್ಲ. ಆದರೆ ಜೋಳ ಬೆಳೆಯುವ, ಜೋಳ ಉಣ್ಣುವ ಸೀಮೆಗೂ ಮುಖ್ಯವಾಗಿ ಅಕ್ಕಿಯೇ ಬಂದಾಗ ಊಟದ ದಾರಿ ಬದಲಾಯಿತು. ಮನೆಗೆ ಬಿಟ್ಟಿ ಅಕ್ಕಿ ಬರುವಾಗ ಜೋಳ ಬಿತ್ತುವುದು ಏಕೆಂದು ರೈತ ಯೋಚಿಸಿದರೆ ಅದು ಸಹಜ. ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಅಕ್ಕಿಯ ಜೊತೆ ಜೋಳ ಕೊಟ್ಟ ಅನುಭವ ರಾಜ್ಯಕ್ಕೆ ಇದೆ. 2025-26ಕ್ಕೆ ಕೇಂದ್ರ ಸರ್ಕಾರ ಮಾಲ್ದಂಡಿ ಜೋಳಕ್ಕೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749 ರೂಪಾಯಿ. ಗದಗ ಜಿಲ್ಲೆಯ ಜೋಳವನ್ನು ಸುಗ್ಗಿಯಲ್ಲೇ ಆ ಬೆಲೆಗೆ ಖರೀದಿಸಿ, ಇದೇ ಜಿಲ್ಲೆಯ ಪಡಿತರ ಚೀಟಿಗೆ, ಶಾಲೆಯ ಬಿಸಿಯೂಟಕ್ಕೆ, ಹಾಸ್ಟೆಲುಗಳಿಗೆ ಕೊಟ್ಟರೆ ರೈತನ ಕಿಸೆಗೂ ಮಗುವಿನ ಎದೆಗೂ ಲಾಭ. ಹಾಸ್ಟೆಲಿಗೆ ಬೇಕಾದ ಖಡಕ್ ರೊಟ್ಟಿಯನ್ನು ಸ್ತ್ರೀಶಕ್ತಿ ಸಂಘಗಳಿಂದ ಕೊಳ್ಳಬಹುದು. ಕುಸುಬೆ, ಅಗಸಿಗೆ ಖಾತ್ರಿ ಮಾರುಕಟ್ಟೆ ಕೊಟ್ಟರೆ ಊರಿನ ಗಾಣ ಮತ್ತೆ ತಿರುಗುತ್ತದೆ. ಕರೇಲಿಯಾದ ಹೈನುಗಾರರಿಗೆ ಬೆರ್ರಿ ಕೊಟ್ಟದ್ದು ಇಂಥದೇ ಕೆಲಸ.

ಮನಸ್ಸಿನ ಒತ್ತಡವನ್ನು ಇಳಿಸುವುದು ಕೂಡ ಆಡಳಿತದ ಕೆಲಸವೇ. ಸಾಲ, ಬೆಳೆ ಹಾನಿ, ವಿಮೆಯ ಹಣಕ್ಕೆ ಅಲೆದಾಟ, ಬೆಲೆ ಕುಸಿತ: ರೈತನ ಎದೆಯನ್ನು ಒಳಗಿನಿಂದ ತಿನ್ನುವುದು ಇವೇ. ಶಾಂತವಾಗಿರು ಎಂದು ರೈತನಿಗೆ ಉಪದೇಶ ಮಾಡುವುದು ಸುಲಭ. ಹೆಸರಿನ ರಾಶಿ ಮಾರುಕಟ್ಟೆಗೆ ಬಂದ ದಿನವೇ ಖರೀದಿ ಕೇಂದ್ರ ತೆರೆದರೆ ಅವನ ಬಿಪಿ ಹೆಚ್ಚು ಇಳಿಯುತ್ತದೆ.

ಈ ಸೀಮೆಗೆ ಹಕ್ಕು ಕೇಳುವುದು ಹೊಸದಲ್ಲ. 1980ರ ಜುಲೈನಲ್ಲಿ ನರಗುಂದದ ರೈತರು ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದು ನಿಂತಾಗ ಇಡೀ ರಾಜ್ಯದ ರೈತ ಚಳವಳಿಯ ದಿಕ್ಕೇ ಬದಲಾಯಿತು. 2015ರಿಂದ ಕಳಸಾ-ಬಂಡೂರಿ ನೀರಿಗಾಗಿ ಅದೇ ನರಗುಂದದಲ್ಲಿ ಜನ ವರ್ಷಗಟ್ಟಲೆ ಧರಣಿ ಕೂತರು. ನೀರಿಗೆ ಅಷ್ಟು ಹಟ ಹಿಡಿದ ಜನ ಪಡಿತರದಲ್ಲಿ ಜೋಳ ಕೊಡಿ, ಉಪಕೇಂದ್ರದಲ್ಲಿ ಬಿಪಿ ಮಾತ್ರೆ ತಪ್ಪದೆ ಇಡಿ, ಶಾಲೆಯ ಬಾಗಿಲಲ್ಲಿ ತಂಬಾಕು ಮಾರುವುದನ್ನು ನಿಲ್ಲಿಸಿ ಎಂದು ಗ್ರಾಮಸಭೆಯಲ್ಲಿ ಕೇಳಬಹುದು, ಕೇಳಬೇಕು.

ಆ ಗ್ರಾಮಸಭೆಗೆ ಕಾಯದೆ ಮಾಡಬಹುದಾದ ಕೆಲಸವೂ ಇದೆ. ಮೂವತ್ತು ವರ್ಷ ದಾಟಿದ ಪ್ರತಿಯೊಬ್ಬರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ತಪಾಸಣೆ ಉಚಿತ. 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆಯಡಿ ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೇ ಬಂದು ಪರೀಕ್ಷಿಸುವ ವ್ಯವಸ್ಥೆಯೂ ಇದೆ. ಬೆಳವಣಕಿಯ, ರೋಣದ, ನರಗುಂದದ, ಗಜೇಂದ್ರಗಡದ ಓದುಗರು ಈ ವಾರ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ ತೋಳಿಗೆ ಬಿಪಿ ಪಟ್ಟಿ ಕಟ್ಟಿಸಿಕೊಳ್ಳಲಿ. ಬರುವಾಗ ಅಂಗಡಿಯಿಂದ ಕಾಲು ಕಿಲೋ ಅಗಸಿ ತರಲಿ. ನಾಳೆಯ ಹಿಂಡಿಗೆ ಉಪ್ಪನ್ನು ಅರ್ಧ ಮಾಡಲಿ. ಹೊಲಕ್ಕೆ ಹೋಗುವ ದಿನ ಬೈಕನ್ನು ಮನೆಯಲ್ಲೇ ಬಿಟ್ಟು ನಡೆದು ಹೋಗಲಿ.